ಕೆಳಗಿನ ಬುಟ್ಟಿಯ ಹಣ್ಣು

ಜೂನ್ 4

ತಮ್ಮಾ,

ಇನ್ನು ಮುಂದೆ ನಿನಗೆ ಫೋನು ಮಾಡುವುದಿಲ್ಲ. ನಾನು "ಹೊಟ್ಟೆಯ ಹೊಲಿಗೆ ಒಣಗಿತು ಕಣೋ" ಅಂದರೆ ನೀನು "ಅರ್ಧ ಕೆಜಿ ಹಾಕ್ಲಾ?" ಅನ್ನುತ್ತೀಯ. ಅದು ನನಗೆ ಹೇಳಿದ್ದೋ ಗಿರಾಕಿಗೆ ಹೇಳಿದ್ದೋ ತಿಳಿಯುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿರುತ್ತದೆ, ನೀನು ಫೋನಿಟ್ಟಿರುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಓದುವಾಗಲಾದರೂ ತಕ್ಕಡಿ ಕೆಳಗಿಡು.

ನಿನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ನಮ್ಮ ಚಿತ್ರಮಂದಿರದ ಟಿಕೆಟ್ ಗೂಡು ನೀನು ನೋಡಿದ್ದೀಯಲ್ಲ, ಒಳಗೆ ಕೂತು ಬಾಗಿಲು ಹಾಕಿಕೊಂಡರೆ ನನ್ನ ಕುರ್ಚಿ ಅಲ್ಲಾಡುತ್ತಿರಲಿಲ್ಲ. ಈಗ ತಿರುಗುತ್ತದೆ! ಆಟ ಶುರುವಾಗಿ ಹೊರಗೆ ಯಾರೂ ಇಲ್ಲದಾಗ ಸುಮ್ಮನೆ ಒಂದು ಸುತ್ತು ತಿರುಗಿ ನೋಡಿದೆ. ಗಿರಾಕಿಗಳಿಗೆ ಆ ತೂತಿನಲ್ಲಿ ಕಾಣುವುದು ನನ್ನ ಕೈ ಮಾತ್ರ. ವಾರಕ್ಕೊಮ್ಮೆ ತಪ್ಪದೆ ಬರುವ ಒಬ್ಬ ಮುದುಕರು ಟಿಕೆಟ್ ತೆಗೆದುಕೊಂಡು, "ನೀವು ಹೊಸಬರಾ? ಹಳೇ ಅಮ್ಮ ಎಲ್ಲಿ ಹೋದ್ರು?" ಅಂದರು. "ಹಳೇ ಅಮ್ಮನೇ ರೀ, ಸ್ವಲ್ಪ ಕಮ್ಮಿ ಆಗಿದ್ದಾರೆ ಅಷ್ಟೆ" ಅಂದೆ.

ಈಗ ಮುಖ್ಯ ವಿಷಯ. ತೂಕ ಇಳಿಯಲಿ ಅಂತ ನನ್ನ ಹೊಟ್ಟೆಯನ್ನು ಕತ್ತರಿಸಿ ಒಂದು ಬಾಳೆಹಣ್ಣಿನಷ್ಟು ಉಳಿಸಿದ್ದಾರೆ. ಮೊದಲು ಬರೀ ತಿಳಿ ಕುಡಿಸಿದರು, ಆಮೇಲೆ ನುಣ್ಣಗೆ ಅರೆದದ್ದು ಕೊಟ್ಟರು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಯೊಬ್ಬಳಿದ್ದಾಳೆ, ನಾನವಳಿಗೆ ಪಥ್ಯದಮ್ಮ ಅಂತ ಹೆಸರಿಟ್ಟಿದ್ದೇನೆ. ಅವಳು ಈ ವಾರದಿಂದ ತಾಜಾ ಹಣ್ಣು ಶುರು ಮಾಡಿ ಅಂದಿದ್ದಾಳೆ. ಮುಂದಿನ ತಿಂಗಳ ತಪಾಸಣೆಯೊಳಗೆ ಹಣ್ಣು ಸರಾಗವಾಗಿ ಇಳಿದರೆ ಗೆದ್ದೆ. ಇಳಿಯದಿದ್ದರೆ ಮತ್ತೆ ಆಸ್ಪತ್ರೆ ಸೇರಿಸಿ, ಬಾಯಿಂದ ಕೊಳವೆ ಬಿಟ್ಟು ನೋಡುತ್ತಾರಂತೆ. ಆ ಹಾಸಿಗೆಯ ಮೇಲೆ ಇನ್ನೊಂದು ಸಲ ಮಲಗುವ ಧೈರ್ಯ ನನಗಿಲ್ಲ ಕಣೋ.

ಹಣ್ಣಿನಂಗಡಿಯವರ ಮಗಳು, ಹಣ್ಣಿನಂಗಡಿಯವನ ಅಕ್ಕ, ಕಡೆಗೆ ಹಣ್ಣಿನಲ್ಲೇ ಪಾಸಾಗಬೇಕಾಗಿ ಬಂದಿದೆ. ಪಥ್ಯದಮ್ಮ ಎಂಥದ್ದು, ಹೇಗೆ ಅಂತ ಏನೇನೋ ಹೇಳಿದ್ದಾಳೆ. ನಿನಗೆ ಹಣ್ಣಿನ ಪಾಠ ಮಾಡುವಷ್ಟು ದೊಡ್ಡವಳಲ್ಲ ನಾನು. ನಿನಗೆ ಸರಿ ಕಂಡದ್ದನ್ನು ಸಂಜೆ ಬಸ್ಸಿಗೆ ಹಾಕಿ ಕಳಿಸು.

ನಿನ್ನ ಅಕ್ಕ

---

ಜೂನ್ 7

ಅಕ್ಕಾ,

ತಕ್ಕಡಿ ಕೆಳಗಿಟ್ಟೇ ಓದಿದೆ. ಕುರ್ಚಿ ತಿರುಗಿತು ಅಂತ ಓದಿದಾಗ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಪಟ್ಟ ಪಾಡು ನನಗೆ ಗೊತ್ತು.

ಪೆಟ್ಟಿಗೆ ಕಳಿಸಿದ್ದೇನೆ. ಅಪ್ಪನ ಕಾಲದ ಅದೇ ಮರದ ಪೆಟ್ಟಿಗೆ. ಖಾಲಿ ಮಾಡಿ, ಒಳಗೆ ಕಾಗದ ಹಾಕಿ, ಅದೇ ಬಸ್ಸಿನ ಡ್ರೈವರ್ ಕೈಯಲ್ಲಿ ವಾಪಸ್ ಕೊಡು. ಕಿತ್ತಳೆ, ಸೇಬು ಎರಡೂ ಇವತ್ತು ಬೆಳಗಿನ ಲಾಟಿನವು. ಮೇಲಿನ ಸಾಲಿಗೆ ಜೋಡಿಸುವ ಮೊದಲೇ ನಿನಗೆ ಎತ್ತಿಟ್ಟೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತವೆ, ಒಂದರಲ್ಲೂ ಚುಕ್ಕೆಯಿಲ್ಲ. ಮನೆಯವರಿಗೆ ಮೇಲಿನ ಸಾಲಿನಿಂದಲೇ ಕೊಡಬೇಕು ಅಂತ ಅಪ್ಪ ಹೇಳುತ್ತಿದ್ದದ್ದು ನಿನಗೆ ಗೊತ್ತೇ ಇದೆ.

ನನ್ನ ಹೆಂಡತಿ ಪಕ್ಕದಲ್ಲಿ ನಿಂತು, "ಇಷ್ಟು ಗಟ್ಟಿ ಹಣ್ಣು ಹೊಲಿಗೆ ಹಾಕಿಸ್ಕೊಂಡವರಿಗೆ ಆಗುತ್ತಾ?" ಅಂತ ಅಡ್ಡಬಾಯಿ ಹಾಕಿದಳು. "ಹೊಲಿಗೆ ಹೊಟ್ಟೆಗೆ ಹಾಕಿದ್ದಾರೆ, ಹಲ್ಲಿಗಲ್ಲ" ಅಂದೆ. ಮೂಗು ಮುರಿದು ಒಳಗೆ ಹೋದಳು.

ಹೇಗಿತ್ತು ಅಂತ ತಪ್ಪದೆ ಬರಿ.

ತಮ್ಮ

---

ಜೂನ್ 10

ತಮ್ಮಾ,

ಪೆಟ್ಟಿಗೆ ಬಂತು. ಕಿತ್ತಳೆ ಅಂದರೆ ಕಿತ್ತಳೆ. ಸಿಪ್ಪೆ ಬಿಡಿಸುವಾಗಲೇ ಅಡುಗೆಮನೆಯೆಲ್ಲ ಘಮ್ ಅಂದಿತು. ಸೇಬೂ ಚೆನ್ನಾಗಿತ್ತು. ಎದುರುಮನೆಯ ಟೀಚರಮ್ಮನಿಗೂ ಅವರ ಮಕ್ಕಳಿಗೂ ಒಂದೆರಡು ಕೊಟ್ಟೆ, ನಿನ್ನನ್ನು ಹೊಗಳಿದ್ದೇ ಹೊಗಳಿದ್ದು.

ಇಷ್ಟೊಂದು ಕಳಿಸಬೇಡ. ನನ್ನದು ಈಗ ಗುಬ್ಬಿ ಹೊಟ್ಟೆ.

ಕೆಲಸ ನಡೆಯುತ್ತಿದೆ. ಪೆಟ್ಟಿಗೆ ವಾಪಸ್ ಕಳಿಸಿದ್ದೇನೆ.

ಅಕ್ಕ

---

ಜೂನ್ 14

ಅಕ್ಕಾ,

ನೀನು ಬೇಡ ಅಂದರೆ ಬೇಕು ಅಂತ ಅರ್ಥ, ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಸೀಬೆ, ದ್ರಾಕ್ಷಿ. ಸೀಬೆ ಕಚ್ಚಿದರೆ ಕಟುಂ ಅನ್ನಬೇಕು, ಅಂಥವನ್ನೇ ಆರಿಸಿದೆ. ನೀನು ಹಣ್ಣು ತಿನ್ನುತ್ತಿದ್ದೀಯ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಒಬ್ಬಾಕೆಯಂತೂ, "ನಿಮ್ಮಕ್ಕ ತಿಂದ್ರಲ್ಲ, ಅದೇ ಕೊಡಿ" ಅಂತ ಎರಡು ಕೆಜಿ ಕಿತ್ತಳೆ ಒಯ್ದಳು. ನಿನ್ನಿಂದ ವ್ಯಾಪಾರ ಜೋರಾಗಿದೆ!

ಪಥ್ಯದಮ್ಮ ಏನಂದಳು? ಕೊಳವೆಯ ಮಾತು ಬಿಟ್ಟಳು ತಾನೆ?

ತಮ್ಮ

---

ಜೂನ್ 16

ತಮ್ಮಾ,

ಸೀಬೆ ಚೆನ್ನಾಗಿತ್ತು. ದ್ರಾಕ್ಷಿಯೂ.

ಪಥ್ಯದಮ್ಮ ರಜೆಯಲ್ಲಿದ್ದಾಳೆ. ಹೊಸ ಸಿನಿಮಾ ಬಂದಿದೆ, ಕಿಟಕಿಯ ಮುಂದೆ ನೂಕುನುಗ್ಗಲು. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಅಕ್ಕ

---

ಜೂನ್ 21

ಅಕ್ಕಾ,

ಸಪೋಟ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಮಿಕ್ಕಿದ್ದು ಆಮೇಲೆ ಬರೆಯುತ್ತೇನೆ.

ತಮ್ಮ

---

ಜೂನ್ 22

ತಮ್ಮಾ,

ಸಪೋಟ ಬಂತು, ಆಗಲೇ ಎರಡು ತಿಂದೆ. ಸಕ್ಕರೆ! ಬಾಯಲ್ಲಿಟ್ಟರೆ ಕರಗಿತು.

ಪೆಟ್ಟಿಗೆ ಆಮೇಲೆ ಕಳಿಸುತ್ತೇನೆ, ಈ ಚೀಟಿ ಡ್ರೈವರ್ ಕೈಗೆ ಕೊಡುತ್ತಿದ್ದೇನೆ.

ಅಕ್ಕ

---

ಜೂನ್ 25

ಅಕ್ಕಾ,

ನಾನು ಕಳಿಸಿದ್ದು ಸಪೋಟ ಕಾಯಿ. ಗೋಡೆಗೆ ಹೊಡೆದರೆ ಗೋಡೆ ಬಿರುಕು ಬಿಡುವಂಥವು. ನಾಲ್ಕೈದು ದಿನ ಡಬ್ಬದಲ್ಲಿ ಮುಚ್ಚಿಡು ಅಂತ ಬರೆಯಬೇಕಿತ್ತು, ಅವಸರದಲ್ಲಿ ಬಿಟ್ಟುಹೋಯಿತು. ಅವತ್ತೇ ಒಂದು ಕಚ್ಚಿದ್ದರೆ ನಿನ್ನ ತುಟಿಗೆ ತುಟಿ ಅಂಟಿಕೊಂಡಿರುತ್ತಿತ್ತು. ಅದು ನಿನ್ನ ಬಾಯಲ್ಲಿ ಸಕ್ಕರೆಯಾಗಿ ಕರಗಿತೇ?

ನೀನು ಪೆಟ್ಟಿಗೆ ತೆರೆದೇ ಇಲ್ಲ. ಇದಕ್ಕೆ ಮುಂಚಿನವನ್ನೂ ತಿಂದಿಲ್ಲ. ಮತ್ತೇನು ತಿನ್ನುತ್ತಿದ್ದೀಯ ಅಂತ ನಾನು ಊಹಿಸಲಾರೆನೇ? ನಿನ್ನ ಗೂಡಿನ ಪಕ್ಕದಲ್ಲೇ ಕರಿದ ತಿಂಡಿಯ ಕೌಂಟರು ಇದೆ. ಆ ಹುರಿದ ಕಡಲೆಯ ಪೊಟ್ಟಣ, ಆ ಬಿಸಿ ಬೋಂಡಾ, ಇಂಟರ್‌ವೆಲ್ಲಿನಲ್ಲಿ ಒಳಗಿನ ಬಾಗಿಲಿನಿಂದ ನಿನಗೆ ಬರುತ್ತಿದ್ದದ್ದು ನನಗೆ ಗೊತ್ತಿಲ್ಲವೇ? ಹೊಟ್ಟೆ ಕೊಯ್ಯಿಸಿಕೊಂಡು, ನಮ್ಮನ್ನೆಲ್ಲ ಕಾರಿಡಾರಿನಲ್ಲಿ ಅಳಿಸಿ, ಈಗ ಮತ್ತೆ ಅದೇ ಚಾಳಿಗೆ ಬಿದ್ದಿದ್ದೀಯ. ನಾನಿಲ್ಲಿ ಬೆಳಗ್ಗೆ ಮಾರುಕಟ್ಟೆಯಲ್ಲಿ ಒಂದೊಂದೇ ಹಣ್ಣು ತಿರುಗಿಸಿ ನೋಡಿ ಆರಿಸುತ್ತೇನೆ. ನಿನ್ನ ಕಣ್ಣಿಗೆ ನಾನು ಪೆದ್ದನ ಹಾಗೆ ಕಂಡೆನೇ?

ತಪ್ಪು ತಿಳಿದಿದ್ದರೆ ಹೇಳು. ತಪ್ಪಾಗಿ ತಿಳಿದಿಲ್ಲ ಅಂತ ನನಗೆ ಗೊತ್ತು.

ತಮ್ಮ

---

ಜುಲೈ 5

ಅಕ್ಕಾ,

ಪೆಟ್ಟಿಗೆ ಬರಲಿಲ್ಲ. ಅದು ಅಪ್ಪನದು, ಅಂಗಡಿಗೆ ಬೇಕು.

ಫೋನು ಮಾಡಿದರೆ ನೀನು ಎತ್ತುತ್ತಿಲ್ಲ, ಡ್ರೈವರನ್ನು ದಿನಾ ಕೇಳುತ್ತಿದ್ದೇನೆ. ಮೊನ್ನೆ ಅವನು, "ನಿಮ್ಮಕ್ಕನ್ನ ಬಸ್‌ಸ್ಟ್ಯಾಂಡಲ್ಲಿ ನೋಡ್ದೆ. ಕಂಬ ಹಿಡ್ಕೊಂಡು ನಿಂತಿದ್ರು. ಮುಖ ಬಿಳಿಚ್ಕೊಂಡಿತ್ತು" ಅಂದ. ಕರಿದದ್ದು ತಿಂದವರ ಮುಖ ಬಿಳಿಚಿಕೊಳ್ಳುವುದಿಲ್ಲ. ಅವತ್ತಿನಿಂದ ನನಗೆ ಕೈಕಾಲು ಆಡುತ್ತಿಲ್ಲ.

ಪೆಟ್ಟಿಗೆ ಬೇಡ. ಎರಡು ಸಾಲು ಬರಿ.

ತಮ್ಮ

---

ಜುಲೈ 8

ತಮ್ಮಾ,

ನಿನ್ನ ಜೂನಿನ ಕಾಗದವನ್ನು ಹರಿದು ಒಲೆಗೆ ಹಾಕಬೇಕು ಅಂದುಕೊಂಡೆ. ಆ ಬೋಂಡಾದ ಮಾತು ಎದೆಗೆ ನಾಟಿತು. ಆ ಕೌಂಟರಿನ ಎಣ್ಣೆ ವಾಸನೆ ಬಂದರೆ ನಾನೀಗ ಗೂಡಿನ ಒಳಬಾಗಿಲು ಮುಚ್ಚಿ ಕೂರುತ್ತೇನೆ. ಹೋಗಲಿ ಬಿಡು. ಸುಳ್ಳು ಹೇಳಿದ್ದು ನಾನೇ, ಬೈಸಿಕೊಂಡದ್ದೂ ನಾನೇ.

ನಿಜ ಹೇಳುತ್ತೇನೆ ಕೇಳು. ನಿನ್ನ ಮೊದಲ ಪೆಟ್ಟಿಗೆ ಬಂದ ದಿನ ಒಂದು ಕಿತ್ತಳೆ ಬಿಡಿಸಿದೆ. ತೊಳೆಯ ಮೇಲಿನ ಪೊರೆ ತೆಗೆದು, ಒಳಗಿನದನ್ನು ಮಾತ್ರ ಅಗಿದು ಅಗಿದು ತಿನ್ನಿ ಅಂತ ಪಥ್ಯದಮ್ಮ ಹೇಳಿದ್ದಳು. ನಮ್ಮ ಮನೆಯಲ್ಲಿ ಯಾವತ್ತು ಯಾರು ಪೊರೆ ತೆಗೆದು ಕಿತ್ತಳೆ ತಿಂದಿದ್ದಾರೆ ಹೇಳು? ತೊಳೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಎಷ್ಟು ತಿಂಗಳಾಗಿತ್ತು ಆ ರುಚಿ ಕಂಡು! ಎರಡು ಸಲ ಅಗಿದು ನುಂಗಿಬಿಟ್ಟೆ.

ಅದು ಎದೆಯ ನಡುವೆ ನಿಂತಿತು. ಕೆಳಗೂ ಇಳಿಯದು, ಮೇಲಕ್ಕೂ ಬಾರದು. ಬಾಯಲ್ಲಿ ಬರೀ ನೊರೆ. ಬಚ್ಚಲಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಹಾಗೆ. ಹೊಲಿಗೆ ಬಿಚ್ಚಿಕೊಂಡಿತು, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಕಡೆಗೆ ವಾಂತಿಯಾಗಿ ಹೊರಗೆ ಬಂತು. ಅಂದಿನಿಂದ ಹಣ್ಣು ಕಂಡರೆ ಎದ್ದು ಆಚೆ ಹೋಗುತ್ತೇನೆ. ಹಣ್ಣೊಂದೇ ಅಲ್ಲ, ಅಗಿಯುವ ಯಾವುದನ್ನೂ ಮುಟ್ಟಿಲ್ಲ. ಹಾಲಿಗೆ ಆಸ್ಪತ್ರೆಯ ಪುಡಿ ಕಲಸಿ ಕುಡಿಯುತ್ತೇನೆ, ಅಷ್ಟೆ. ಎದ್ದು ನಿಂತರೆ ಕಣ್ಣು ಕತ್ತಲೆ. ಬಾಚಿದರೆ ಹಣಿಗೆ ತುಂಬ ಕೂದಲು. ಮೊನ್ನೆ ಮ್ಯಾಟಿನಿ ಕೇಳಿದವನಿಗೆ ಸಂಜೆಯ ಟಿಕೆಟ್ ಕೊಟ್ಟು ಬೈಸಿಕೊಂಡೆ. ನಿನ್ನ ಹಣ್ಣನ್ನೆಲ್ಲ ಟೀಚರಮ್ಮನ ಮಕ್ಕಳು ತಿಂದವು. ಸಪೋಟದ ಪೆಟ್ಟಿಗೆ ತೆರೆಯದೆ ಹಾಗೇ ಅವರ ಮನೆಗೆ ಹೋಯಿತು.

ಯಾಕೆ ಮುಚ್ಚಿಟ್ಟೆ ಅನ್ನುತ್ತೀಯ. ಅಕ್ಕ ಹಣ್ಣು ತಿಂದಳು ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡುವವನಿಗೆ ಏನಂತ ಬರೆಯಲಿ? ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನನಗೆ ಬೇಕಾದ ಹಣ್ಣು ಯಾವುದು ಅಂತ ಮೊದಲ ದಿನವೇ ನನಗೆ ಗೊತ್ತಿತ್ತು. ಪಥ್ಯದಮ್ಮ ಬಿಡಿಸಿ ಹೇಳಿದ್ದಳು: ಪೂರ್ತಿ ಕಳಿತಿರಬೇಕು, ಬೆರಳಿಟ್ಟರೆ ಬೆರಳು ಒಳಗೆ ಹೋಗಬೇಕು, ಸಿಪ್ಪೆ ಬೀಜ ಇರಬಾರದು. ಅಂದರೆ ಏನು? ನಮ್ಮ ಅಂಗಡಿಯ ಮೇಜಿನ ಕೆಳಗಿನ ಬುಟ್ಟಿ! ಮೆತ್ತಗಾದವನ್ನು ಎತ್ತಿಹಾಕಿ ಜ್ಯೂಸ್ ಅಂಗಡಿಗೆ ಕೊಡುತ್ತೀಯಲ್ಲ, ಅದು. ಮೇಲಿನ ಸಾಲಿನಿಂದ ಎತ್ತಿಟ್ಟು ಕಳಿಸುವ ತಮ್ಮನ ಹತ್ತಿರ, ನನಗೆ ಕೆಳಗಿನ ಬುಟ್ಟಿಯದು ಕೊಡು ಅಂತ ಯಾವ ಬಾಯಿಂದ ಕೇಳಲಿ? ಅಪ್ಪ ಇದ್ದಿದ್ದರೆ ಅಂಗಡಿಯಿಂದಲೇ ಇಳಿದು ಹೋಗುತ್ತಿದ್ದರು. ಇಲ್ಲೇ ಎಲ್ಲಾದರೂ ಕೊಳ್ಳೋಣ ಅಂದರೆ, ಹುಟ್ಟಿದಾಗಿನಿಂದ ಬೇರೆಯವರ ಅಂಗಡಿಯಲ್ಲಿ ನಾನು ಹಣ್ಣು ಕೊಂಡವಳೇ ಅಲ್ಲ. ಒಂದು ದಿನ ಒಂದು ಗಾಡಿಯ ಮುಂದೆ ಹೋಗಿ ನಿಂತೆ, ಕಳ್ಳತನ ಮಾಡುತ್ತಿದ್ದೇನೆ ಅನ್ನಿಸಿ ವಾಪಸ್ ಬಂದೆ.

ತಪಾಸಣೆ ಹದಿನಾರಕ್ಕೆ. ನನಗೆ ತುಂಬಾ ಭಯವಾಗಿದೆ ಕಣೋ. ಇಷ್ಟೆಲ್ಲ ಮಾಡಿಸಿಕೊಂಡು ಇರುವ ಹೊಟ್ಟೆಯನ್ನೂ ಹಾಳು ಮಾಡಿಕೊಂಡೆನೋ ಏನೋ.

ಈಗ ಬಾಯಿಬಿಟ್ಟು ಕೇಳುತ್ತಿದ್ದೇನೆ. ಮಾನ ಮರ್ಯಾದೆ ಬದಿಗಿಟ್ಟು ಕೆಳಗಿನ ಬುಟ್ಟಿಯಿಂದ ಒಂದು ಹಣ್ಣು ಕಳಿಸು.

ಅಕ್ಕ

---

ಜುಲೈ 10

ಅಕ್ಕಾ,

ನಿನ್ನ ಕಾಗದ ಓದಿ ಅಂಗಡಿಯ ಮುಂದೆಯೇ ಅತ್ತೆ. ಬಾಳೆಹಣ್ಣು ತೂಗಿಸುತ್ತಿದ್ದ ಹೆಂಗಸು ಹೆದರಿ, "ತೂಕ ಸರಿಯಾಗೇ ಇದೆ ಬಿಡಿ, ಜಾಸ್ತಿ ಹಾಕ್ಬೇಡಿ" ಅಂದಳು. ಬೋಂಡಾದ ಮಾತನ್ನು ಮರೆತುಬಿಡು. ನೀನು ಮರೆತರೂ ನನ್ನ ಹೆಂಡತಿ ಮರೆಯುವುದಿಲ್ಲ. "ಹಲ್ಲಿಗಲ್ಲ, ಹಲ್ಲಿಗಲ್ಲ" ಅಂತ ನಿನ್ನೆಯಿಂದ ನನ್ನನ್ನು ಹಂಗಿಸುತ್ತಿದ್ದಾಳೆ. ಹಂಗಿಸಿಕೊಳ್ಳಬೇಕಾದ್ದೇ.

ಆದರೂ ಒಂದು ಮಾತು. ಆ ಬುಟ್ಟಿಗೆ ಕೈ ಹಾಕುವ ಮೊದಲು ಯಾರಾದರೂ ನೋಡುತ್ತಿದ್ದಾರೇನೋ ಅಂತ ಸುತ್ತ ಕಣ್ಣಾಡಿಸಿದ್ದು ಸುಳ್ಳಲ್ಲ. ಅಪ್ಪ ಒಮ್ಮೆ ಕಣ್ತಪ್ಪಿ ಚಿಕ್ಕಪ್ಪನಿಗೆ ಮೆತ್ತಗಾದ ಮಾವಿನಹಣ್ಣು ಕೊಟ್ಟು, ಆತ ನಮ್ಮ ಮನೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದು ನೆನಪಾಯಿತು. ನಾನು ಮಂಡಿಯೂರಿ ಕೂತು ಒಂದೊಂದನ್ನೇ ಒತ್ತಿ ನೋಡುತ್ತಿರುವಾಗ ಜ್ಯೂಸ್ ಅಂಗಡಿಯವನು ಬಂದ.

"ನನ್ನ ಬುಟ್ಟೀಲಿ ಏನ್ ಹುಡುಕ್ತಾ ಇದ್ದೀರಿ?"

"ನಮ್ಮಕ್ಕನಿಗೆ ಒಂದು ಪರಂಗಿ ಹಣ್ಣು."

"ಅಕ್ಕನ ಮೇಲೆ ಅಷ್ಟೊಂದು ಕೋಪಾನಾ?"

ಅವನಿಗೆಲ್ಲ ಬಿಡಿಸಿ ಹೇಳಿದೆ. ಅವನು ಪಕ್ಕದಲ್ಲೇ ಕೂತ. ಗಿರಾಕಿಗಳು ಕಾಯುತ್ತಿದ್ದರೂ ಇಬ್ಬರೂ ಸೇರಿ ಇಡೀ ಬುಟ್ಟಿ ಸುರುವಿ ಹುಡುಕಿದೆವು. ನಾನು ಎತ್ತಿದ್ದನ್ನು ಅವನು ಬೇಡ ಅಂದ, "ಇದು ತೊಟ್ಟಿನ ಹತ್ತಿರ ಇನ್ನೂ ಗಟ್ಟಿ, ನಾರು ಸಿಗುತ್ತೆ" ಅಂತ. ಕಡೆಗೆ ಇಬ್ಬರೂ ಒಪ್ಪಿದ್ದು ಈ ಹಣ್ಣು. ನೋಡಲು ಚೆನ್ನಾಗಿಲ್ಲ. ಒಂದು ಮಗ್ಗುಲು ಕಪ್ಪಾಗಿದೆ, ಆ ಕಡೆ ಕತ್ತರಿಸಿ ಬಿಸಾಡು. ಉಳಿದದ್ದು ಬೆಣ್ಣೆ. ದಾರಿಯಲ್ಲಿ ಜಜ್ಜಿಹೋಗದಿರಲಿ ಅಂತ ನನ್ನ ಹಳೆಯ ಅಂಗಿ ಸುತ್ತಿದ್ದೇನೆ. ಪೆಟ್ಟಿಗೆ ನಿನ್ನ ಹತ್ತಿರವೇ ಉಳಿದದ್ದರಿಂದ ಡ್ರೈವರ್ ತನ್ನ ಸೀಟಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ ಅಂದಿದ್ದಾನೆ.

ನಾನೇ ತಂದುಕೊಡೋಣ ಅಂತ ಬಸ್‌ಸ್ಟ್ಯಾಂಡಿನವರೆಗೂ ಬಂದೆ. ಆಮೇಲೆ ಬೇಡ ಅನ್ನಿಸಿತು. ನಾನು ಎದುರಿಗೆ ಕೂತರೆ, ಪಾಪ ತಮ್ಮ ತಂದಿದ್ದಾನೆ ಅಂತ ನೀನು ಗಬಗಬ ತಿಂದುಬಿಡುತ್ತೀಯ. ಇಷ್ಟು ದಿನ ನನಗೋಸ್ಕರ ಸುಳ್ಳು ಹೇಳಿದವಳು ನನಗೋಸ್ಕರ ನುಂಗುವುದೂ ಉಂಟು. ಈ ಸಲ ನಿನಗೋಸ್ಕರ ತಿನ್ನು. ಇಳಿಯದಿದ್ದರೆ ಇಳಿಯಲಿಲ್ಲ ಅಂತಲೇ ಬರಿ. ಆಗ ಆಸ್ಪತ್ರೆಗೆ ನಾನೂ ಬರುತ್ತೇನೆ. ಅಂಗಡಿ ಮುಚ್ಚಿದರೆ ಏನೂ ಮುಳುಗಿಹೋಗುವುದಿಲ್ಲ.

ತಮ್ಮ

---

ಜುಲೈ 17

ತಮ್ಮಾ,

ನೀನು ಉಸಿರು ಬಿಗಿಹಿಡಿದು ಓದುತ್ತಿರುತ್ತೀಯ ಅಂತ ಗೊತ್ತು. ಉಸಿರು ಬಿಡು. ಇಳಿಯಿತು.

ಹಣ್ಣು ಬಂದ ಮಾರನೆಯ ಬೆಳಗ್ಗೆ ಕತ್ತರಿಸಿದೆ. ಒಬ್ಬಳೇ ತಿನ್ನಲು ಧೈರ್ಯ ಸಾಲದೆ ಟೀಚರಮ್ಮನನ್ನು ಕರೆದೆ. ಅವರು ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡೇ ಬಂದು ನನ್ನ ಅಡುಗೆಮನೆಯ ಮೇಜಿಗೆ ಕೂತರು. "ನಾನು ನಿಮ್ಮನ್ನ ನೋಡಲ್ಲ. ನನ್ ಕೆಲಸ ನಾನ್ ಮಾಡ್ತೀನಿ, ನಿಮ್ ಕೆಲಸ ನೀವ್ ಮಾಡಿ" ಅಂದರು. ಸಿಪ್ಪೆ, ಬೀಜ ತೆಗೆದು ಚಮಚದಿಂದ ಒತ್ತಿದೆ. ಒತ್ತಿದ ಕಡೆಯೆಲ್ಲ ಕುಸಿಯಿತು. ಚಿಕ್ಕ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟೆ. ಅಗಿಯಲು ಅದರಲ್ಲಿ ಏನೂ ಇರಲಿಲ್ಲ, ಆದರೂ ಅಗಿದೆ. ನುಂಗುವ ಹೊತ್ತಿಗೆ ಮೇಜಿನ ಅಂಚು ಬಿಗಿಯಾಗಿ ಹಿಡಿದುಕೊಂಡೆ.

ಟೀಚರಮ್ಮ ಒಂದು ಉತ್ತರಪತ್ರಿಕೆ ಮುಗಿಸಿ ಇನ್ನೊಂದು ಎತ್ತಿಕೊಂಡರು. ನಾನು ಕಾಯುತ್ತಿದ್ದೆ. ಎದೆಯ ನಡುವೆ ಆ ಜಾಗದಲ್ಲಿ ಏನಾದರೂ ಹಿಡಿಯುತ್ತದೇನೋ ಅಂತ ಕಾದೇ ಕಾದೆ. ಕಡೆಗೆ ಅವರೇ ತಡೆಯಲಾರದೆ ತಲೆಯೆತ್ತಿದರು.

"ಏನಾಯ್ತು?"

"ಏನೂ ಆಗ್ಲಿಲ್ಲ!"

ಏನೂ ಆಗಲಿಲ್ಲ ಅಂತ ಹೇಳುತ್ತಾ ನಾನು ಅಳುತ್ತಿದ್ದೆ. ಅವರು ನಗುತ್ತಿದ್ದರು. ಆಮೇಲೆ ಅದಲು ಬದಲಾಯಿತು. ಆ ಗಲಾಟೆಯಲ್ಲಿ ಯಾವುದೋ ಮಗುವಿಗೆ ಹತ್ತಕ್ಕೆ ಹತ್ತು ಬಿದ್ದುಹೋಯಿತಂತೆ, ತಿದ್ದುವುದಿಲ್ಲ ಅಂದರು.

ಅಂದಿನಿಂದ ದಿನಾ ಬೆಳಗ್ಗೆ ಎರಡು ಚಮಚ ತಿನ್ನುತ್ತಿದ್ದೇನೆ. ಇಲ್ಲಿಯ ಗಾಡಿಯವನ ಹತ್ತಿರ ಕಪ್ಪಾದ ಬಾಳೆಹಣ್ಣು ಕೇಳಿ ಕೊಂಡೆ. ನಿನಗೆ ಬೇಸರವಾದರೆ ಆಗಲಿ. ನಿನ್ನೆ ತಪಾಸಣೆಯಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತದ ರಿಪೋರ್ಟು ನೋಡಿದರು. ಇಷ್ಟು ದಿನ ಬರೀ ಹಾಲಿನಲ್ಲಿದ್ದದ್ದಕ್ಕೆ ಚೆನ್ನಾಗಿ ಬೈದರು. ಹೊಲಿಗೆಗೆ ಏನೂ ಆಗಿಲ್ಲವಂತೆ, ಅವತ್ತು ತೊಳೆ ಸಿಕ್ಕಿಕೊಂಡದ್ದಷ್ಟೆ. ಕೊಳವೆ ಬೇಡ ಅಂದರು. ಇನ್ನೊಂದು ಸಲ ಹೇಳಿ ಅಂದೆ. "ಕೊಳವೆ ಬೇಡಮ್ಮಾ" ಅಂತ ಇನ್ನೊಂದು ಸಲ ಹೇಳಿದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ಹಗುರಾಗಿ ಯಾವತ್ತೂ ಎಲ್ಲೂ ಕೂತಿರಲಿಲ್ಲ.

ಒಂದು ವಿಷಯ ಡಾಕ್ಟರಿಗೂ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಇವತ್ತು ಬೆಳಗ್ಗೆ ಎರಡನೆಯ ಚಮಚ ಮುಗಿಸಿದೆ. ಬಟ್ಟಲಲ್ಲಿ ಇನ್ನೂ ಹಣ್ಣಿತ್ತು, ಒಳ್ಳೆಯ ಹಣ್ಣು, ಸಿಹಿಯಾದ ಹಣ್ಣು. ನನಗೆ ಬುದ್ಧಿ ಬಂದಾಗಿನಿಂದ ನಾನು ತಿನ್ನುವುದನ್ನು ನಿಲ್ಲಿಸಿದ್ದು ತಟ್ಟೆ ಖಾಲಿಯಾದಾಗ, ಇಲ್ಲವೇ ಯಾರಾದರೂ ನೋಡಿದಾಗ. ಇತ್ತೀಚೆಗೆ ಹೆದರಿಕೆಗೆ ನಿಲ್ಲಿಸುತ್ತಿದ್ದೆ. ಇವತ್ತು ಯಾರೂ ನೋಡುತ್ತಿರಲಿಲ್ಲ. ಹೆದರಿಕೆಯೂ ಇರಲಿಲ್ಲ. ಚಮಚ ಕೆಳಗಿಟ್ಟೆ ಕಣೋ, ಹೊಟ್ಟೆ ತುಂಬಿತ್ತು.

ನಿನ್ನ ಅಕ್ಕ